ಯಂತ್ರದೊಳಗಿನ ನಮ್ಮವನು

ಶಿಕಾಗೋ ಅಂದ ಕೂಡಲೆ ನಮ್ಮ ಪಠ್ಯಪುಸ್ತಕಗಳಿಗೆ ನೆನಪಾಗುವುದು 1893ರ ವಿವೇಕಾನಂದರ ಭಾಷಣ. ಕಾರ್ಮಿಕ ಸಂಘಟನೆಯ ಗೆಳೆಯರಿಗಾದರೆ 1886ರ ಮೇ ತಿಂಗಳು. ದಲಿತ ಚಳವಳಿಯವರು ಆ ಊರಿನ ಕಡೆ ನೋಡುವುದಕ್ಕೆ ಮೂರನೆಯದೊಂದು ಕಾರಣವಿದೆ. 1983ರಲ್ಲಿ ಅಲ್ಲಿನ ಕಪ್ಪು ಜನ, ಅರ್ಧ ಶತಮಾನದಿಂದ ನಗರಸಭೆಯನ್ನು ಹಿಡಿದಿಟ್ಟುಕೊಂಡಿದ್ದ ಪಕ್ಷದ ಪಟ್ಟುಗಳನ್ನು ಓಟಿನಿಂದಲೇ ಸಡಿಲಿಸಿ, ತಮ್ಮವನೊಬ್ಬನನ್ನು ಮೇಯರ್ ಮಾಡಿದರು. ಆತ ಹೆರಾಲ್ಡ್ ವಾಷಿಂಗ್ಟನ್. ಇದನ್ನು ವಿಜಯದ ಕಥೆಯಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ಗೆಲ್ಲುವುದಕ್ಕೆ ಮುಂಚೆ ಆ ಜನ ಯಾರಿಂದ ಬಿಡಿಸಿಕೊಳ್ಳಬೇಕಾಯಿತು ಅನ್ನುವ ಪ್ರಶ್ನೆ. ಬಿಳಿಯರಿಂದ ಅಂತ ಉತ್ತರ ಕೊಟ್ಟರೆ ಅರ್ಧ ಅಂಕ ಮಾತ್ರ ಕೊಡಬಹುದು.

ಆ ಊರಿನವರು ತಮ್ಮ ಡೆಮಾಕ್ರಟಿಕ್ ಪಕ್ಷವನ್ನು 'ಮೆಷಿನ್' ಅಂತಲೇ ಕರೆಯುತ್ತಿದ್ದರು. ಐವತ್ತು ವಾರ್ಡು, ವಾರ್ಡಿಗೊಬ್ಬ ಕೌನ್ಸಿಲರ್, ಅವನ ತಲೆಯ ಮೇಲೆ ಪಕ್ಷದ ವಾರ್ಡು ಮುಖಂಡ (ಎಷ್ಟೋ ಕಡೆ ಇಬ್ಬರೂ ಒಬ್ಬನೇ), ಮುಖಂಡನ ಕೈಕೆಳಗೆ ಬೂತಿಗೊಬ್ಬ 'ಕ್ಯಾಪ್ಟನ್'. ಈ ಕ್ಯಾಪ್ಟನ್‌ಗೆ ತನ್ನ ಬೂತಿನ ಪ್ರತಿ ಮನೆಯೂ ಗೊತ್ತು. ಯಾರ ಮಗನಿಗೆ ಕೆಲಸ ಬೇಕು, ಯಾರ ಬೀದಿಯ ಕಸ ಎತ್ತಿಲ್ಲ, ಯಾರನ್ನು ಪೊಲೀಸರು ಎಳೆದುಕೊಂಡು ಹೋಗಿದ್ದಾರೆ, ಎಲ್ಲ ಗೊತ್ತು. ಉಪಕಾರ ಮಾಡ್ತಾನೆ, ಚುನಾವಣೆ ದಿನ ಲೆಕ್ಕ ಚುಕ್ತಾ ಮಾಡಿಕೊಳ್ತಾನೆ. ಬಹುಪಾಲು ಅವನೂ ಪಕ್ಷ ಕೊಡಿಸಿದ ಸರ್ಕಾರಿ ನೌಕರಿಯಲ್ಲೇ ಇರುವವನು. ಬೂತಿನಲ್ಲಿ ಓಟು ಇಳಿದರೆ ಅವನ ಅನ್ನಕ್ಕೂ ಕಲ್ಲು. ಇಂಥ ನೌಕರಿಗಳು ಮೂವತ್ತು ಸಾವಿರಕ್ಕೂ ಹೆಚ್ಚಿದ್ದವೆಂದು ಅಂದಾಜು. 1955ರಿಂದ 1976ರಲ್ಲಿ ಸಾಯುವತನಕ ರಿಚರ್ಡ್ ಜೆ. ಡೇಲಿ ಮೇಯರೂ ಅವನೇ, ಸ್ಥಳೀಯ ಪಕ್ಷದ ಅಧ್ಯಕ್ಷನೂ ಅವನೇ. ಕೆಲಸ ಕೊಡುವ ಕೈ, ಟಿಕೆಟ್ ಕೊಡುವ ಕೈ ಒಂದೇ ಆಯಿತು. ನಮ್ಮ ಪುಡಾರಿಗಳು ಇದನ್ನು ಕಲಿಯುವುದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ ಬಿಡಿ.

ಈ ಯಂತ್ರ ಕಪ್ಪು ಜನರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು ಅಂತ ತಿಳಿದರೆ ಅದರ ಜಾಣತನವೇ ನಮಗೆ ಕಾಣುವುದಿಲ್ಲ. ಅದು ಒಬ್ಬನನ್ನು ಒಳಗೆ ಕರೆದು ಕೂರಿಸಿಕೊಂಡಿತ್ತು. ವಿಲಿಯಂ ಡಾಸನ್ ಎಂಬ ಕಪ್ಪು ನಾಯಕ 1943ರಿಂದ 1970ರವರೆಗೆ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯನಾಗಿದ್ದ. ದಕ್ಷಿಣ ಭಾಗದ ಕಪ್ಪು ವಾರ್ಡುಗಳು ಅವನ ಮುಷ್ಟಿಯಲ್ಲಿದ್ದವು. ದೊಡ್ಡ ಯಂತ್ರದೊಳಗೊಂದು ಚಿಕ್ಕ ಯಂತ್ರ. 1955ರಲ್ಲಿ ಡೇಲಿಯನ್ನು ಮೇಯರ್ ಮಾಡಿದ್ದರಲ್ಲಿ ಈ ವಾರ್ಡುಗಳ ಓಟಿನ ಪಾಲು ದೊಡ್ಡದು. ಪ್ರತಿಫಲವಾಗಿ ನೌಕರಿಗಳು ಸಿಕ್ಕವು. ವಸತಿಯಲ್ಲಿ, ಶಾಲೆಯಲ್ಲಿ ಇದ್ದ ವರ್ಣಭೇದ ಹಾಗೇ ಉಳಿಯಿತು. ಅರವತ್ತರ ದಶಕದಲ್ಲಿ ಡೇಲಿಯ ಮರ್ಜಿ ನೋಡಿ ಕೈ ಎತ್ತುತ್ತಿದ್ದ ಆರು ಜನ ಕಪ್ಪು ಕೌನ್ಸಿಲರುಗಳಿಗೆ ಜನ 'ಮೂಕ ಆರು ಮಂದಿ' ಅಂತ ಅಡ್ಡಹೆಸರಿಟ್ಟರು.

ಇಲ್ಲಿ ನಮಗೆ ಪೂನಾ ಒಪ್ಪಂದ ನೆನಪಾಗದೆ ಇರದು. 1932ರ ಆ ಒಪ್ಪಂದ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಕೊಟ್ಟಿತು, ಆದರೆ ಜಂಟಿ ಮತಕ್ಷೇತ್ರದಲ್ಲಿ. ಯಾವ ದಲಿತ ಗೆಲ್ಲಬೇಕು ಅನ್ನುವುದನ್ನು ಸವರ್ಣೀಯರ ಓಟು ತೀರ್ಮಾನಿಸುತ್ತದೆ ಎಂಬುದು ಅಂಬೇಡ್ಕರರ ತಕರಾರು. ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1982ರ ಸೆಪ್ಟೆಂಬರ್ 24ರಂದು ಕಾನ್ಶಿರಾಂ ಹೊರತಂದ ಪುಸ್ತಕದ ಹೆಸರೇ 'ಚಮಚಾ ಯುಗ'. ಆ ಪದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಯ್ಯುವುದಕ್ಕೆ ಚೆನ್ನಾಗಿದೆ, ಅರ್ಥ ಮಾಡಿಕೊಳ್ಳುವುದಕ್ಕೆ ಸಾಲದು. ಡಾಸನ್ ಕೊಡಿಸಿದ ಅಂಚೆ ಕಚೇರಿಯ ಕೆಲಸದಿಂದ ಒಲೆ ಹೊತ್ತಿದ ಮನೆಗಳಿದ್ದವು. ಹಸಿದವನ ಅಗತ್ಯವನ್ನೇ ಹಗ್ಗ ಮಾಡಿ ಕಟ್ಟಿಹಾಕುವ ಈ ವ್ಯವಹಾರದಲ್ಲಿ ನಡುವೆ ನಿಂತವನನ್ನು ಮಾತ್ರ ಉಗಿದರೆ, ಹಗ್ಗ ಹಿಡಿದವನು ಆರಾಮಾಗಿ ಕೂತಿರುತ್ತಾನೆ.

ಹಗ್ಗ ಸವೆಯುವುದಕ್ಕೆ ಶುರುವಾಗಿದ್ದು ಪೊಲೀಸರಿಂದ. 1969ರ ಡಿಸೆಂಬರ್ 4ರ ನಸುಕಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ಅವನಿಗಿನ್ನೂ 21 ವರ್ಷ. ಆ ದಾಳಿ ಮಾಡಿಸಿದ ಸರ್ಕಾರಿ ಅಭಿಯೋಜಕ ಹ್ಯಾನ್ರಹಾನ್‌ನನ್ನು 1972ರ ಚುನಾವಣೆಯಲ್ಲಿ ಕಪ್ಪು ಜನ ಪಕ್ಷ ಬಿಟ್ಟು ಓಟು ಹಾಕಿ ಸೋಲಿಸಿದರು. ಮುಂಬೈಯಲ್ಲಿ ದಲಿತ್ ಪ್ಯಾಂಥರ್ ಹುಟ್ಟಿದ್ದೂ ಅದೇ ವರ್ಷ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಓಟಗಾರ, ಡಾಸನ್‌ನ ಉತ್ತರಾಧಿಕಾರಿ ರಾಲ್ಫ್ ಮೆಟ್ಕಾಫ್ ಕೂಡ 1972ರಲ್ಲೇ ಪೊಲೀಸ್ ದೌರ್ಜನ್ಯದ ವಿಚಾರವಾಗಿ ಡೇಲಿಯಿಂದ ಸಿಡಿದು ಹೊರಬಂದ.

ವಾಷಿಂಗ್ಟನ್ ಕೂಡ ಎಲ್ಲಿಂದಲೋ ಇಳಿದು ಬಂದವನಲ್ಲ. ಅಪ್ಪ ಯಂತ್ರದ ಬೂತ್ ಕ್ಯಾಪ್ಟನ್, ಮಗನೂ ಅದೇ ಕೆಲಸ ಮಾಡಿದ್ದ. ಶಾಸಕನಾದ ಮೇಲೆ ನಿಧಾನಕ್ಕೆ ಬೇರೆಯಾದ. 1977ರಲ್ಲಿ ಮೇಯರ್ ಚುನಾವಣೆಗೆ ನಿಂತು ನೂರಕ್ಕೆ ಹನ್ನೊಂದರಷ್ಟು ಓಟು ತಗೊಂಡು ಸೋತ. 1982ರಲ್ಲಿ ಮತ್ತೆ ನಿಲ್ಲು ಅಂತ ಜನ ಕೇಳಿದಾಗ ಆತ ಹಾಕಿದ ಷರತ್ತು ಸೊಗಸಾಗಿದೆ: ಮೊದಲು ಐವತ್ತು ಸಾವಿರ ಹೊಸ ಮತದಾರರನ್ನು ಪಟ್ಟಿಗೆ ಸೇರಿಸಿ, ಆಮೇಲೆ ಮಾತು. ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತವರನ್ನು, ಚರ್ಚಿಗೆ ಬಂದವರನ್ನು ಹಿಡಿದು ಹೆಸರು ಬರೆಸಿದರು. ಸೇರಿದ್ದು ಒಂದು ಲಕ್ಷಕ್ಕೂ ಹೆಚ್ಚು. ಇದರ ಒಳಮರ್ಮ ನೋಡಿ. ಹಳೆಯ ಮತದಾರ ಕ್ಯಾಪ್ಟನ್‌ನ ಲೆಕ್ಕದ ಪುಸ್ತಕದಲ್ಲಿದ್ದಾನೆ, ಋಣದಲ್ಲಿದ್ದಾನೆ. ಹೊಸಬ ಆ ಪುಸ್ತಕದಲ್ಲೇ ಇಲ್ಲ. ಯಂತ್ರಕ್ಕೆ ಅವನ ವಿಳಾಸ ಗೊತ್ತಿಲ್ಲ.

1983ರ ಫೆಬ್ರವರಿಯಲ್ಲಿ, ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಒಳಚುನಾವಣೆಯಲ್ಲಿ, ಮೇಯರ್ ಜೇನ್ ಬರ್ನ್ ಮತ್ತು ಡೇಲಿಯ ಮಗ ಬಿಳಿಯರ ಓಟು ಹಂಚಿಕೊಂಡರು. ವಾಷಿಂಗ್ಟನ್ ಸುಮಾರು 37 ಪ್ರತಿಶತದಲ್ಲಿ ಗೆದ್ದ. ಅಲ್ಲಿ ಈ ಒಳಚುನಾವಣೆ ಗೆದ್ದರೆ ಮೇಯರ್ ಆದಂತೆಯೇ ಲೆಕ್ಕ. 1931ರ ನಂತರ ಬೇರೆ ಪಕ್ಷದವನು ಗೆದ್ದದ್ದೇ ಇಲ್ಲ. ಆದರೆ ಈ ಸಲ ಯಂತ್ರದ ಎಷ್ಟೋ ವಾರ್ಡು ಮುಖಂಡರು ರಾತ್ರೋರಾತ್ರಿ ಎದುರು ಪಕ್ಷದ ಬಿಳಿಯ ಎಪ್ಟನ್ ಕಡೆ ಹೋದರು. ಪಕ್ಷನಿಷ್ಠೆ ಪಕ್ಷನಿಷ್ಠೆ ಅಂತ ಜೀವಮಾನವಿಡೀ ಉಪದೇಶ ಮಾಡಿದವರು! ಏಪ್ರಿಲ್ 12ರಂದು ವಾಷಿಂಗ್ಟನ್ ಗೆದ್ದದ್ದು 52 ಪ್ರತಿಶತಕ್ಕಿಂತ ಕೊಂಚ ಕಡಿಮೆಯಲ್ಲಿ. ಸ್ಪಾನಿಷ್ ಮಾತಿನ ವಲಸೆ ಸಮುದಾಯಗಳ ಓಟು ಸೇರದಿದ್ದರೆ, ಒಂದಷ್ಟು ಬಿಳಿಯರು ಜೊತೆ ನಿಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಕುರ್ಚಿ ಸಿಕ್ಕಿತು, ಸದನ ಸಿಗಲಿಲ್ಲ. ಕೌನ್ಸಿಲಿನ ಐವತ್ತು ಜನರಲ್ಲಿ 29 ಮಂದಿ ಎಡ್ವರ್ಡ್ ವರ್ಡೋಲ್ಯಾಕ್ ಎಂಬುವನ ಹಿಂದೆ ನಿಂತು ಮೊದಲ ಸಭೆಯಲ್ಲೇ ಸ್ಥಾಯಿ ಸಮಿತಿಗಳನ್ನೆಲ್ಲ ವಶಮಾಡಿಕೊಂಡರು. ಅವರು ಪಾಸು ಮಾಡಿದ್ದನ್ನು ಮೇಯರ್ ತಡೆಹಿಡಿಯಬಹುದು. ಆ ತಡೆ ಮುರಿಯಲು 34 ಓಟು ಬೇಕು, ಅವರಲ್ಲಿಲ್ಲ. ಮೇಯರ್ ತಂದದ್ದನ್ನು ಅವರು ಬೀಳಿಸಬಹುದು. ಮೂರು ವರ್ಷ ಹೀಗೇ ಜಗ್ಗಾಟ.

ಇದನ್ನು ತರಗತಿಯಲ್ಲಿ ಹೇಳುತ್ತಿದ್ದಾಗ, ಹಿಂದಿನ ಅವಧಿಯಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವರ ಮಗನೊಬ್ಬ ಎದ್ದು, "ನಮ್ಮವ್ವನೂ ಅಧ್ಯಕ್ಷೆ ಆಗಿದ್ಲು ಸಾರ್, ಡೋಂಗಲ್ ಮಾತ್ರ ಗೌಡ್ರ ಮಗನ ಜೇಬಲ್ಲಿರ್ತಿತ್ತು" ಅಂದ. ಬಿಲ್ಲು ಪಾಸಾಗುವುದು ಆ ಡೋಂಗಲ್ಲಿನಿಂದ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ, ಯಾರು ಯಾವ ಪಕ್ಷ ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತು. 1993ರ ಕಾಯ್ದೆಯ ಪ್ರಕಾರ ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಮೀಸಲಾತಿ ಕುರ್ಚಿಯನ್ನು ಕಾದಿರಿಸುತ್ತದೆ; ಅದರಲ್ಲಿ ಕೂರಿಸುವ ಕೈಗಳೂ, ಅವಿಶ್ವಾಸ ಮಂಡಿಸಿ ಎಬ್ಬಿಸುವ ಕೈಗಳೂ ಸದಸ್ಯರವೇ. ವಾಷಿಂಗ್ಟನ್‌ಗೆ ನೇರ ಜನರ ಓಟಿತ್ತು, ಆದ್ದರಿಂದ 29 ಜನ ಸೇರಿದರೂ ಇಳಿಸಲಾಗಲಿಲ್ಲ. ಆ ತಾಯಿಗೆ ಅಷ್ಟೂ ಇರಲಿಲ್ಲ.

ಜಗ್ಗಾಟ ಮುಗಿದದ್ದು ನಕ್ಷೆಯಿಂದ. ಕಪ್ಪು ಮತ್ತು ಸ್ಪಾನಿಷ್ ಮಾತಿನವರ ಓಟು ಒಡೆಯುವಂತೆ ವಾರ್ಡಿನ ಗಡಿ ಎಳೆಯಲಾಗಿದೆ ಅಂತ ನ್ಯಾಯಾಲಯಕ್ಕೆ ಹೋಗಿದ್ದವರು ಗೆದ್ದರು. 1986ರಲ್ಲಿ ಏಳು ವಾರ್ಡುಗಳಿಗೆ ಮರುಚುನಾವಣೆಯಾಗಿ ಬಲ 25-25 ಆಯಿತು. ಸಮವಾದಾಗ ನಿರ್ಣಾಯಕ ಓಟು ಮೇಯರಿನದು. ಇದನ್ನು ಇಲ್ಲಿಗೆ ನೇರ ತಂದು ಹಚ್ಚುವ ಹಾಗಿಲ್ಲ. ಅಲ್ಲಿ ಕಪ್ಪು ಜನ ನಗರದ ಸುಮಾರು 40 ಪ್ರತಿಶತ. ವರ್ಣಭೇದವೇ ಅವರನ್ನು ಒತ್ತೊತ್ತಾಗಿ ಒಂದೆಡೆ ತಳ್ಳಿತ್ತು, ಆ ದಟ್ಟಣೆಯೇ ಓಟಾಯಿತು. ನಮ್ಮಲ್ಲಿ ಪರಿಶಿಷ್ಟ ಜಾತಿಗಳು 2011ರ ಜನಗಣತಿಯಂತೆ ರಾಜ್ಯದ 17 ಪ್ರತಿಶತ. ಕೇರಿ ಊರೂರಿಗೂ ಇದೆ, ಹೆಚ್ಚಿನ ಕಡೆ ಅಲ್ಪಸಂಖ್ಯೆಯಲ್ಲೇ ಇದೆ. ಯಾವ ನಕ್ಷೆ ಎಳೆದರೂ ಜೊತೆಗಾರರಿಲ್ಲದೆ ದಾರಿಯಿಲ್ಲ.

ಇನ್ನೊಂದು ತೊಡಕು. ರಾಜಕೀಯ ಕಾರಣಕ್ಕೆ ನೌಕರಿ ಕೊಡುವುದಿಲ್ಲ, ಕೀಳುವುದಿಲ್ಲ ಎಂಬ ನ್ಯಾಯಾಲಯದ ಕಟ್ಟಳೆಗೆ ವಾಷಿಂಗ್ಟನ್ 1983ರಲ್ಲೇ ಒಪ್ಪಿದ. ಯಂತ್ರದ ಎಣ್ಣೆಯನ್ನು ತಾನೇ ಬಸಿದ ಹಾಗಾಯಿತು. ಇಷ್ಟು ವರ್ಷ ಅವರು ತಿಂದರು, ನಮ್ಮ ಸರದಿ ಬಂದಾಗ ಮಾತ್ರ ನೀತಿಯೇ ಅಂತ ಬೆಂಬಲಿಗರು ಗೊಣಗಿದರು. ಗೊಣಗಾಟದಲ್ಲಿ ನ್ಯಾಯವಿರಲಿಲ್ಲ ಅಂತ ಹೇಳಲಾರೆ. ಆದರೂ ಆತ ಮಾಡಿದ್ದೇ ಸರಿ. ಇನ್ನೊಬ್ಬ ಡಾಸನ್‌ನನ್ನು ಹುಟ್ಟಿಸುವುದು ಆ ನೌಕರಿಗಳೇ ತಾನೆ?

1987ರಲ್ಲಿ ಎರಡನೇ ಸಲ ಗೆದ್ದ ಆತ ಅದೇ ನವೆಂಬರ್ 25ರಂದು ಕಚೇರಿಯಲ್ಲೇ ಹೃದಯಾಘಾತದಿಂದ ಸತ್ತ. ವಾರದೊಳಗೆ ಕೌನ್ಸಿಲ್ ಸೇರಿತು. ಟಿಮೊಥಿ ಎವಾನ್ಸ್ ವಾಷಿಂಗ್ಟನ್‌ನ ಆಪ್ತ. ಯೂಜೀನ್ ಸಾಯರ್ ಯಂತ್ರಕಾಲದಿಂದಲೂ ಇದ್ದ ಕೌನ್ಸಿಲರ್. ಇಬ್ಬರೂ ಕಪ್ಪು ಜನರೇ. ಹೊರಗೆ ಸಾವಿರಾರು ಜನ ಸಾಯರ್ ಬೇಡವೆಂದು ಕೂಗುತ್ತಿದ್ದಂತೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ವಾಷಿಂಗ್ಟನ್‌ನನ್ನು ಕಾಡಿದ್ದ ಬಿಳಿಯರ ಬಣವೇ ಓಟು ಕೊಟ್ಟು ಸಾಯರ್‌ನನ್ನು ಮೇಯರ್ ಮಾಡಿತು. ಕುರ್ಚಿಯಲ್ಲಿ ಕಪ್ಪು ಮನುಷ್ಯನೇ ಕೂತ. ಆಮೇಲಿನ ಒಡಕನ್ನು, ನಮ್ಮ ಸಂಘಟನೆಗಳ ಬಣಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. 1989ರ ಫೆಬ್ರವರಿಯ ಒಳಚುನಾವಣೆಯಲ್ಲಿ ಸಾಯರ್ ಸೋತ, ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಹೆಸರಿನದೇ ಪಕ್ಷ ಕಟ್ಟಿ ನಿಂತ ಎವಾನ್ಸ್ ಸೋತ. ಇಬ್ಬರನ್ನೂ ಸೋಲಿಸಿದವನು ಡೇಲಿಯ ಮಗ. ಅವನು 2011ರವರೆಗೆ ಇಳಿಯಲಿಲ್ಲ.