ಘಟ್ಟ ಹತ್ತುವ ಎಂಜಿನ್ನಿಗೆ ಒಪ್ಪುವ ಬಣ್ಣ

ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯ ಶುಂಠಿ ಹೊಲಗಳ ಬದುವಿನ ಮೇಲೆ ಕೆಎಲ್ 12, ಕೆಎಲ್ 73 ಎಂದು ಬರೆದ ಹಳೆಯ ಜೀಪುಗಳು ನಿಂತಿರುವುದನ್ನು ನೀವು ನೋಡಿರುತ್ತೀರಿ. ವಯನಾಡಿನಿಂದ ಬಂದು ನಮ್ಮ ಕಡೆ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರ ಗಾಡಿಗಳವು. ಮೈತುಂಬ ಕೆಸರು, ಮಡ್‌ಗಾರ್ಡಿನಲ್ಲಿ ತುಕ್ಕು. ಆದರೂ ಅವುಗಳಲ್ಲಿ ಕೆಲವುಗಳ ಬಾನೆಟ್ ಎತ್ತಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಬೂದು ಬಣ್ಣದ ಬ್ಲಾಕು, ಕಪ್ಪು ಪುಲ್ಲಿಗಳು, ಬೆಳ್ಳಿಬಣ್ಣದ ಎಕ್ಸಾಸ್ಟ್ ಮ್ಯಾನಿಫೋಲ್ಡು. ಹಳೆಯ ಎಂಜಿನ್ನಿನ ಮೇಲೆ ಬಣ್ಣ ಹೀಗೆ ಏಳದೆ ಕೂರಬೇಕಾದರೆ ಬಳಿದವರ ಕೈಯಲ್ಲಿ ವಿದ್ಯೆ ಇರಬೇಕು. ಗ್ಯಾರೇಜಿನ ಹಿಂಬದಿಯಲ್ಲಿ, ಯಾರ ಗಮನಕ್ಕೂ ಬಾರದೆ ನಡೆಯುವ ವಿದ್ಯೆ ಅದು.

ವಯನಾಡಿನ ಕಾಫಿ, ಮೆಣಸಿನ ತೋಟಗಳ ಕಲ್ಲುದಾರಿಗೆ ಇಂದಿಗೂ ಜೀಪೇ ಗತಿ. 900 ಕಂಡಿಯಂಥ ಜಾಗಗಳಿಗೆ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವುದೂ ಅದೇ. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಮೊದಲು ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಿತು. ಮುಂದೆ ಬಂದ ಡೀಸೆಲ್ ಜೀಪುಗಳಲ್ಲಿ ಪ್ಯೂಜೊ ಮೂಲದ 2112 ಸಿಸಿ ಎಂಜಿನ್ನು, ಎಂಡಿಐ ಹೆಸರಿನ 2523 ಸಿಸಿ ಎಂಜಿನ್ನು ಮನೆಮಾತಾದವು. ಬೋರ್ ಮಾಡಿಸಲೋ ರಿಂಗು ಬದಲಿಸಲೋ ಇಂಥ ಎಂಜಿನ್ ಕೆಳಗಿಳಿದಾಗಲೇ ಬಣ್ಣಕ್ಕೂ ಕಾಲ ಕೂಡಿಬರುತ್ತದೆ. ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ಮಾನಂತವಾಡಿಯ ಮೇಸ್ತ್ರಿಗಳಿಗೆ ಇದು ಹೊಸ ಮಾತಲ್ಲ. ಬತ್ತೇರಿಗೆ ಜೈನರ ಕಾಲದಲ್ಲಿ ಹನ್ನೆರಡು ಬೀದಿ ಎಂಬ ಹೆಸರಿತ್ತಂತೆ. ಬಂಡೀಪುರದ ಕಾಡು ದಾಟಿ ಅಲ್ಲಿಗೆ ಹೋಗುವ ಕನ್ನಡಿಗನಿಗೆ ಆ ಊರು ಪರಕೀಯ ಅನ್ನಿಸುವುದಿಲ್ಲ.

ಮೊದಲು ತಿಳಿಯಬೇಕಾದ ಸಂಗತಿ, ಎಂಜಿನ್ನಿಗೆಲ್ಲ ಒಂದೇ ಬಣ್ಣ ಸಾಲದು. ಒಂದೊಂದು ಭಾಗದ ಬಿಸಿ ಒಂದೊಂದು ಥರ. ಬ್ಲಾಕಿನೊಳಗೆ ನೀರು ಓಡಾಡುವುದರಿಂದ ಅದರ ಹೊರಮೈ ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಹೆಡ್ಡು ಅದಕ್ಕಿಂತ ತುಸು ಹೆಚ್ಚು. ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ಆಯಿಲ್ ಚೇಂಬರಿಗೆ ಬಿಸಿ ಎಣ್ಣೆಯ ಸಹವಾಸ. ಇವೆಲ್ಲ ಒಂದು ಲೋಕವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡು ಇನ್ನೊಂದೇ ಲೋಕ. ಅಡಿವಾರದಿಂದ ಲಕ್ಕಿಡಿಗೆ ತಾಮರಶ್ಶೇರಿ ಚುರಂ (ಘಟ್ಟ) ಹತ್ತುವಾಗ ಒಂಬತ್ತು ಹೇರ್‌ಪಿನ್ ತಿರುವು. ತುಂಬಿದ ಗಾಡಿ ಎರಡನೇ ಗೇರಿನಲ್ಲೇ ಏದುಸಿರು ಬಿಡುತ್ತ ಏರುತ್ತದೆ. ಅಂಥ ಹೊತ್ತಿನಲ್ಲಿ ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡು 400 ಡಿಗ್ರಿ ದಾಟುವುದು ಸಹಜ. ಪೆಟ್ರೋಲ್ ಎಂಜಿನ್ನಿನದು ಅದಕ್ಕೂ ಮೇಲೆ ಹೋಗುತ್ತದೆ.

ಬಿಸಿಯ ಜೊತೆಗೆ ಹಿಗ್ಗುವ ತೊಂದರೆಯೂ ಇದೆ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣ 500 ಡಿಗ್ರಿ ಬಿಸಿಯೇರಿದರೆ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ಮೇಲಿನ ಬಣ್ಣ ಪ್ರತಿದಿನ ಈ ಎಳೆದಾಟ ತಾಳಬೇಕು. ಸಾಲದ್ದಕ್ಕೆ ತೋಟದ ದಾರಿಯಲ್ಲಿ ತೊರೆ ದಾಟುವಾಗ ಕಾದ ಕಬ್ಬಿಣದ ಮೇಲೆ ತಣ್ಣೀರು ಎರಚುತ್ತದೆ. ದಪ್ಪಗೆ ಬಳಿದ ಬಣ್ಣ ಚಕ್ಕೆಚಕ್ಕೆಯಾಗಿ ಏಳುವುದು ಆಗಲೇ.

ನನ್ನ ಗಾಡಿಗೇ ಹೀಗಾಗಿದೆ. ವರ್ಷಗಳ ಹಿಂದೆ ಒಂದು ಗ್ಯಾರೇಜಿನವರು ಮ್ಯಾನಿಫೋಲ್ಡಿಗೆ ಗೇಟು, ಗ್ರಿಲ್ಲಿಗೆ ಬಳಿಯುವ ಮಾಮೂಲಿ ಸಿಲ್ವರ್ ಪೇಂಟ್ ಬಳಿದುಕೊಟ್ಟಿದ್ದರು. ನೋಡಲು ಚೆಂದವಾಗಿಯೇ ಇತ್ತು. ಮೊದಲ ಏರಿನಲ್ಲೇ ಬಾನೆಟ್ ಸಂದಿಯಿಂದ ಹೊಗೆ ಬಂತು, ಸುಟ್ಟ ವಾಸನೆ ಗಾಡಿಯೊಳಗೆಲ್ಲ ತುಂಬಿತು. ವಾರದಲ್ಲಿ ಬಣ್ಣ ಬೂದಿಯಾಗಿ ಉದುರಿತು. ಅಂದಿನಿಂದ ಡಬ್ಬಿಯ ಮೇಲಿನ ಅಕ್ಷರ ಓದದೆ ಬಣ್ಣ ಕೊಂಡಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಉತ್ತರ ಬಣ್ಣದ ಅಂಟಿನಲ್ಲಿದೆ. ಮಾಮೂಲಿ ಸಿಂಥೆಟಿಕ್ ಎನಾಮೆಲ್ಲಿನ ಅಂಟು ಆಲ್ಕಿಡ್. ಎಣ್ಣೆಯಿಂದ ಹುಟ್ಟಿದ ರಾಳ, ಇಂಗಾಲದ ಸರಪಳಿ. ನೂರು ಡಿಗ್ರಿಯ ಸುತ್ತಮುತ್ತ ಹೆಚ್ಚು ಕಾಲ ಕಾದರೆ ಹಳದಿಗಟ್ಟಿ ಪೆಡಸಾಗುತ್ತದೆ, ಇನ್ನೂರು ದಾಟಿದರೆ ಕರಕಲಾಗುತ್ತದೆ. ಅದಕ್ಕೆ ಸಿಲಿಕೋನ್ ಬೆರೆಸಿದರೆ ತಾಳಿಕೆ ಏರುತ್ತದೆ. ಎಂಜಿನ್ ಎನಾಮೆಲ್ ಎಂದು ಮಾರುವ ಬಣ್ಣಗಳಲ್ಲಿ ಹಲವು ಈ ಜಾತಿಯವು. ಬ್ಲಾಕಿಗೆ, ಕವರುಗಳಿಗೆ ಅವು ಧಾರಾಳವಾಗಿ ಸಾಕು. ಮ್ಯಾನಿಫೋಲ್ಡಿಗೆ ಮಾತ್ರ ಅಪ್ಪಟ ಸಿಲಿಕೋನ್ ರಾಳದಲ್ಲಿ ಅಲ್ಯೂಮಿನಿಯಂ ಪುಡಿ ಕಲಸಿದ ಹೈ ಟೆಂಪರೇಚರ್ ಬಣ್ಣವೇ ಬೇಕು. ಅದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಬಂಧ. ಇಂಗಾಲದ ಬಂಧಕ್ಕಿಂತ ಗಟ್ಟಿ. ಕಾದಾಗ ರಾಳದಲ್ಲಿರುವ ಇಂಗಾಲದ ಭಾಗ ಉರಿದುಹೋಗಿ, ಉಳಿದ ಸಿಲಿಕಾ ಅಲ್ಯೂಮಿನಿಯಂ ಪುಡಿಯನ್ನು ಕಬ್ಬಿಣಕ್ಕೆ ಕಚ್ಚಿಸಿ ಹಿಡಿಯುತ್ತದೆ. ಸುಟ್ಟ ಮೇಲೆ ಗಟ್ಟಿಯಾಗುವ ಬಣ್ಣ ಇದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹಾಗಾಗಿ ಇಂಥ ಬಣ್ಣಗಳ ಮಿತಿ ಸಾಮಾನ್ಯವಾಗಿ 600ರ ಆಚೀಚೆ.

ಬಣ್ಣ ಕಚ್ಚಿ ಹಿಡಿಯುವ ಮಾತು ಬಂದಾಗಲೆಲ್ಲ ನನಗೆ ಮೈಸೂರು ನೆನಪಾಗುತ್ತದೆ. ಬತ್ತೇರಿಯನ್ನು ಹಾದುಬರುವ ರಾಷ್ಟ್ರೀಯ ಹೆದ್ದಾರಿ 766 ಹೋಗುವ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅಲ್ಲಿ ಅರಗಿನ ಕಾರ್ಖಾನೆ ಶುರುವಾಯಿತು. ಕಾಡಿನ ಅರಗೇ ಅದರ ಕಚ್ಚಾ ಮಾಲು. ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. ಅರಗಿನ ವಾರ್ನಿಷ್ ಮರಕ್ಕೆ ಕೊಡುವ ಹೊಳಪಿಗೆ ಸಾಟಿಯಿಲ್ಲ, ಆದರೆ ಅರಗು 75 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ; ಎಂಜಿನ್ನಿನ ಹತ್ತಿರ ಸುಳಿಯಲಾಗದು. ಅದೇ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುತ್ತ ಬಂದಿದೆ. ಆ ಶಾಯಿ ಅಳಿಸದಿರುವುದು ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೇ ಬೆರೆಯುವುದರಿಂದ. ಮೇಲೆ ಕೂತ ಬಣ್ಣಕ್ಕೂ ಒಳಗೆ ಕಚ್ಚಿದ ಬಣ್ಣಕ್ಕೂ ಇರುವ ಅಂತರ ನಮ್ಮ ಬೆರಳ ತುದಿಯಲ್ಲೇ ಇದೆ.

ಡಬ್ಬಿ ಕೊಳ್ಳುವಾಗ ಒಂದು ಎಚ್ಚರ. ಹೊರದೇಶದ ಸ್ಪ್ರೇ ಡಬ್ಬಿಗಳ ಮೇಲೆ ಬಿಸಿಯ ಲೆಕ್ಕ ಫ್ಯಾರನ್‌ಹೀಟಿನಲ್ಲಿರುವುದುಂಟು. 500 ಎಂದು ದಪ್ಪಕ್ಷರದಲ್ಲಿ ಬರೆದದ್ದು ನಮ್ಮ ಲೆಕ್ಕದಲ್ಲಿ 260 ಡಿಗ್ರಿ ಸೆಲ್ಸಿಯಸ್ ಅಷ್ಟೆ. ಅದು ಬ್ಲಾಕಿಗೆ ಒಳ್ಳೆಯದು, ಮ್ಯಾನಿಫೋಲ್ಡಿಗೆ ವ್ಯರ್ಥ. ಸತತವಾಗಿ ತಾಳುವ ಬಿಸಿ ಎಷ್ಟು, ಒಂದು ಗಳಿಗೆ ತಾಳುವ ಬಿಸಿ ಎಷ್ಟು ಎಂದು ಎರಡೂ ಬರೆದಿದ್ದರೆ ಮೊದಲನೆಯದನ್ನೇ ನಂಬಿ.

ಇಷ್ಟಾದರೂ ಬಣ್ಣ ಬಾಳುವುದು ಬಿಡುವುದು ಮುಕ್ಕಾಲುಪಾಲು ನಿರ್ಧಾರವಾಗುವುದು ಡಬ್ಬಿ ತೆರೆಯುವ ಮೊದಲೇ. ಹಳೆಯ ಎಂಜಿನ್ನಿನ ಎರಕದ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಇಳಿದಿರುತ್ತದೆ. ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದರೆ ಜಿಡ್ಡು ಬಿಡುತ್ತದೆ, ಆದರೆ ಅವೇ ತೆಳ್ಳನೆಯ ಪೊರೆ ಬಿಟ್ಟುಹೋಗುತ್ತವೆ. ಆಮೇಲೆ ಸೋಪಿನ ಬಿಸಿನೀರು, ತಂತಿ ಬ್ರಷ್ಷು, ಕೊನೆಗೆ ತಿನ್ನರ್ ಅದ್ದಿದ ಬಿಳಿ ಬಟ್ಟೆ. ಒರೆಸಿದ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಒರೆಸಬೇಕು. ಬೇಗ ಆಗಲೆಂದು ಕಾಸ್ಟಿಕ್ ಸೋಡಾ ನೀರಿಗೆ ಹಾಕುವವರು ನೆನಪಿಡಬೇಕು: ಅದು ಕಬ್ಬಿಣವನ್ನು ಏನೂ ಮಾಡದು, ಅಲ್ಯೂಮಿನಿಯಂ ಭಾಗವನ್ನು ಮಾತ್ರ ತಿಂದುಹಾಕುತ್ತದೆ. ಸ್ಯಾಂಡ್ ಬ್ಲಾಸ್ಟಿಂಗಿನ ಆಸೆಯೂ ಅಪಾಯದ್ದೇ. ಎಣ್ಣೆ ದಾರಿಯಲ್ಲಿ ನಾಲ್ಕು ಕಾಳು ಮರಳು ಉಳಿದರೂ ಹೊಸ ಬೇರಿಂಗು ಹಾಳು. ಬಿಚ್ಚಿ ಹೊರಗಿಟ್ಟ ಮ್ಯಾನಿಫೋಲ್ಡು, ಬ್ರಾಕೆಟ್ಟುಗಳಿಗೆ ಸರಿ, ಬ್ಲಾಕಿಗೆ ಬೇಡ.

ಬಣ್ಣ ತಾಗಬಾರದ ಜಾಗಗಳನ್ನು ಟೇಪು, ಕಾಗದದಿಂದ ಮುಚ್ಚುವುದಕ್ಕೆ ಒಂದು ಮಧ್ಯಾಹ್ನ ಹಿಡಿದರೂ ಆ ಹೊತ್ತು ದಂಡವಾಗದು. ಪ್ಯಾಕಿಂಗ್ ಕೂರುವ ಮೈ, ಬೋಲ್ಟಿನ ಥ್ರೆಡ್ಡು, ಸೆನ್ಸರು, ರಬ್ಬರ್ ಹೋಸು, ಬೆಲ್ಟು. ಅರ್ತ್ ವೈರ್ ಬಿಗಿಯುವ ಜಾಗವನ್ನು ಮರೆಯುವವರೇ ಹೆಚ್ಚು. ಬಣ್ಣ ವಿದ್ಯುತ್ತನ್ನು ತಡೆಯುತ್ತದೆ. ಹೊಸದಾಗಿ ಮಿಂಚುವ ಎಂಜಿನ್ನು ಮರುದಿನ ಸ್ಟಾರ್ಟ್ ಆಗದಿದ್ದರೆ ಮೊದಲು ಅಲ್ಲಿ ಕೆರೆದು ನೋಡಿ. ಎಂಜಿನ್ ನಂಬರಿನ ಮೇಲೂ ದಪ್ಪಗೆ ಬಣ್ಣ ಕೂರಬಾರದು. ಆರ್‌ಸಿಯಲ್ಲಿರುವ ನಂಬರು ಫಿಟ್‌ನೆಸ್ ಸಮಯದಲ್ಲಿ ಕಣ್ಣಿಗೆ ಕಾಣಬೇಕು.

ವಯನಾಡಿನಲ್ಲಿ ಬಿಸಿಗಿಂತ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಉಜ್ಜಿ ಹೊಳೆಯಿಸಿದ ಕಬ್ಬಿಣ ಚಹಾ ಕುಡಿದು ಬರುವಷ್ಟರಲ್ಲಿ ಕೆಂಪಗಾಗುತ್ತದೆ. ಗಾಳಿಯ ತೇವ ಶೇ 85 ದಾಟಿದಾಗ ಬಣ್ಣ ಹೊಡೆಯಬಾರದೆಂಬುದು ಪೇಂಟಿಂಗ್ ಕೆಲಸದ ಸಾಮಾನ್ಯ ನಿಯಮ. ಇಬ್ಬನಿ ಕಟ್ಟುವ ಬಿಸಿಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿಯಾದರೂ ಲೋಹ ಬೆಚ್ಚಗಿರಬೇಕು. ಇಲ್ಲವಾದರೆ ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ಬಣ್ಣ ಕೂತು, ಮೊದಲ ಬಿಸಿಗೇ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಅನಿವಾರ್ಯವಾದರೆ ಭಾಗವನ್ನು ದೊಡ್ಡ ಬಲ್ಬಿನ ಕೆಳಗಿಟ್ಟು ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿಕೊಳ್ಳಬೇಕು. ಕಂಪ್ರೆಸರಿನ ಟ್ಯಾಂಕಿನಲ್ಲಿ ಕೂಡಿದ ನೀರನ್ನೂ ಮರೆಯದೆ ಹೊರಬಿಡಬೇಕು.

ಹೊಡೆಯುವಾಗ ತೆಳ್ಳಗೆ ಎರಡು ಕೋಟು, ಬ್ಲಾಕಿಗೆ ಬೇಕಾದರೆ ಮೂರು. ಮ್ಯಾನಿಫೋಲ್ಡಿಗೆ ಎರಡೂ ಸೇರಿ ತಲೆಗೂದಲಿನ ದಪ್ಪವೂ ಆಗಬಾರದು. ಅದರ ಅಡಿಗೆ ರೆಡ್ ಆಕ್ಸೈಡ್ ಪ್ರೈಮರು ಸಲ್ಲದು. ಪ್ರೈಮರೇ ಸುಟ್ಟುಹೋದರೆ ಮೇಲಿನ ಬಣ್ಣ ನಿಲ್ಲುವುದೆಲ್ಲಿ? ಅಲ್ಯೂಮಿನಿಯಂ ಕವರುಗಳಿಗೆ ಲೋಹವನ್ನು ತುಸು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್ ಬೇಕು. ಪೌಡರ್ ಕೋಟಿಂಗ್ ಬ್ರಾಕೆಟ್ಟು, ಪುಲ್ಲಿ, ಕವರುಗಳಿಗೆ ಗಟ್ಟಿಮುಟ್ಟು, ಮ್ಯಾನಿಫೋಲ್ಡಿಗಲ್ಲ. ಬ್ಲಾಕಿಗೆ ತಿಳಿ ಬೂದು ನನ್ನ ಆಯ್ಕೆ. ಎಣ್ಣೆ ಎಲ್ಲಿ ಜಿನುಗುತ್ತಿದೆಯೆಂದು ಕೂಡಲೇ ಕಾಣುತ್ತದೆ. ಕಪ್ಪು ಅದನ್ನು ಮುಚ್ಚಿಡುತ್ತದೆ.

ಕೊನೆಯದು ಪಳಗಿಸುವುದು. ಹೊಸ ದೋಸೆ ಕಾವಲಿಯನ್ನು ಅಜ್ಜಿ ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪಳಗಿಸುತ್ತಿದ್ದಳಲ್ಲ, ಮ್ಯಾನಿಫೋಲ್ಡಿನ ಬಣ್ಣಕ್ಕೂ ಅದೇ ಕ್ರಮ. ಒಲೆಯಲ್ಲಿ ಸುಡಿಸುವ ಅನುಕೂಲವಿದ್ದರೆ 200 ಡಿಗ್ರಿಯ ಸುಮಾರಿನಲ್ಲಿ ಒಂದು ಗಂಟೆ. ಇಲ್ಲದಿದ್ದರೆ ಗಾಡಿಗೇ ಜೋಡಿಸಿ, ಹತ್ತು ನಿಮಿಷ ಸುಮ್ಮನೆ ಓಡಿಸಿ ಪೂರ್ತಿ ಆರಲು ಬಿಡಿ. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ಆರಿಸಿ. ಮೂರನೆಯ ಸಲ ಊರೊಳಗೆ ಒಂದು ಸುತ್ತು. ಸ್ವಲ್ಪ ಹೊಗೆ ಬರುತ್ತದೆ, ಬಯಲಿನಲ್ಲಿ ನಿಲ್ಲಿಸಿ. ಬಣ್ಣ ಆರುವ ಮೊದಲೇ ಚುರಂ ಹತ್ತಿಸಿದರೆ ಒಳಗಿನ ತಿನ್ನರ್ ಕುದಿದು ಬಣ್ಣ ಗುಳ್ಳೆಗಟ್ಟುತ್ತದೆ.

ಬಳಿಯುವವರ ಮೈಯ ಬಗ್ಗೆಯೂ ಒಂದು ಮಾತು. ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದೆಂದು 2016ರಲ್ಲಿ ಬಂದ ನಿಯಮ ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ ಅನ್ವಯ. ಹಳೆಯ ಎಂಜಿನ್ನುಗಳ, ಸೀಸವಿರಬಹುದಾದ ಹಳದಿ, ಕಿತ್ತಳೆ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ. ನೀರು ಹಾಕಿ ವಾಟರ್ ಪೇಪರಿನಲ್ಲೇ ಉಜ್ಜಿ. ಸ್ಪ್ರೇ ಹೊಡೆಯುವಾಗ ಮೂಗಿಗೆ ಕಟ್ಟಿದ ಕರ್ಚೀಫು ಆವಿಯನ್ನು ತಡೆಯದು, ಇದ್ದಿಲಿನ ಫಿಲ್ಟರಿರುವ ಮಾಸ್ಕೇ ಬೇಕು. ಈ ಖರ್ಚನ್ನು ಗಾಡಿಯ ಯಜಮಾನರೇ ಕೊಡಲಿ.

ಜನವರಿಯಿಂದ ಮಾರ್ಚ್‌ವರೆಗೆ ವಯನಾಡಿನ ಕಣಗಳಲ್ಲಿ ಕಾಫಿ ಒಣಗುತ್ತಿರುತ್ತದೆ. ಕಾಫಿ ಒಣಗುವ ಬಿಸಿಲಿನಲ್ಲಿ ಬಣ್ಣವೂ ಚೆನ್ನಾಗಿ ಕಚ್ಚುತ್ತದೆ. ಎಂಜಿನ್ ಇಳಿಸುವ ಕೆಲಸವಿದ್ದರೆ ಆ ಮೂರು ತಿಂಗಳಲ್ಲೇ ಇಳಿಸಿ. ಮೇಸ್ತ್ರಿಗೆ ತೊಳೆಯಲು ಒಂದು ದಿನ, ಆರಿಸಲು ಒಂದು ದಿನ ಹೆಚ್ಚಿಗೆ ಕೊಡಿ.