‘ಕೆಟ್ಟೋಗಿದೆ’ ಅನ್ನುವ ಮುಂಚೆ...

‘ಕೆಟ್ಟೋಗಿದೆ’ ಅನ್ನುವ ಮಾತು ನಮ್ಮ ಬಾಯಲ್ಲಿ ಬಲು ಬೇಗ ಬಂದುಬಿಡುತ್ತದೆ. ನೆಟ್ ನಿಧಾನವಾದರೆ ಕೆಟ್ಟೋಗಿದೆ, ಮಿಕ್ಸಿ ತಿರುಗದಿದ್ದರೆ ಕೆಟ್ಟೋಗಿದೆ, ಇಯರ್‌ಫೋನಿನ ಒಂದು ಕಿವಿ ಕೇಳಿಸದಿದ್ದರೂ ಕೆಟ್ಟೋಗಿದೆ. ಆದರೆ ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಅಂತ ಕೇಳುವವರು ಕಡಿಮೆ. ಬಿಎಸ್‌ಸಿಯಲ್ಲಿ ಮೂರು ವರ್ಷ ಎಲೆಕ್ಟ್ರಾನಿಕ್ಸ್ ಓದಿದ ನನಗೂ ಈ ಪ್ರಶ್ನೆಯ ಬೆಲೆ ಸರಿಯಾಗಿ ತಿಳಿದದ್ದು, ಊರಲ್ಲಿದ್ದ ಅಜ್ಜಿಯ ಸ್ಮಾರ್ಟ್ ಡಿಸ್‌ಪ್ಲೇ ಕಿವುಡಾದಾಗ.

ನಮ್ಮ ಊರು ತಿಪಟೂರು. ಗ್ಲಾಕೋಮಾದಿಂದ ಅಜ್ಜಿಯ ಎರಡೂ ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿದೆ. ಅಮ್ಮ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಐದಕ್ಕೆ. ನಾನು ಬೆಂಗಳೂರಿನ ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದೇನೆ. ಹಗಲಿಡೀ ಅಜ್ಜಿ ಒಬ್ಬರೇ. ಅದಕ್ಕೆಂದೇ ಮಾವ ಎರಡು ವರ್ಷದ ಹಿಂದೆ ಈ ಡಿಸ್‌ಪ್ಲೇ ತಂದುಕೊಟ್ಟಿದ್ದರು. ಟೈಮ್ ಕೇಳುವುದು, ಹಾಡು ಹಾಕಿಸುವುದು ಎಲ್ಲ ಅಜ್ಜಿ ತಿಂಗಳೊಳಗೆ ಕಲಿತರು. ಎಲ್ಲಕ್ಕಿಂತ ಮುಖ್ಯವಾದದ್ದು ‘ಕಾಲ್ ಸ್ಕೂಲ್’. ಹೆಸರು ತಪ್ಪಾಗಿ ಕೇಳಿಸಿಕೊಳ್ಳಬಾರದೆಂದು ಅಮ್ಮನ ನಂಬರನ್ನು ‘ಸ್ಕೂಲ್’ ಅಂತಲೇ ಸೇವ್ ಮಾಡಿದ್ದೆವು. ತಲೆ ಸುತ್ತಿದರೆ, ಬಾಗಿಲಲ್ಲಿ ಯಾರೋ ಅಪರಿಚಿತರು ನಿಂತರೆ ಅಜ್ಜಿಗಿದ್ದ ದಾರಿ ಆ ಎರಡು ಪದ.

ದಸರಾ ರಜೆ ಮುಗಿದ ಮೇಲೆ ಅದು ಅಜ್ಜಿಯ ಮಾತಿಗೆ ಓಗೊಡುವುದನ್ನೇ ನಿಲ್ಲಿಸಿತು. ಅಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ‘ವಾರಂಟಿ ಮುಗಿದಿದೆ. ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ, ಆಗದಿದ್ದರೆ ಹೊಸದು ತಗೊಳ್ಳಿ’ ಅಂದರಂತೆ. ಅಮ್ಮ ದಿನಾ ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದು ಹೋಗತೊಡಗಿದರು. ಅಜ್ಜಿ ಮಾತ್ರ, ‘ಬಿಡು ಪುಟ್ಟಿ, ಕಣ್ಣಂತೂ ಹೋಯ್ತು. ಈಗ ನನ್ನ ಮಾತೂ ಯಾರಿಗೂ ಕೇಳ್ಸಲ್ಲ ಅಂತ ಕಾಣುತ್ತೆ’ ಅಂದುಬಿಟ್ಟರು. ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನಗಾಗಲಿಲ್ಲ.

ನಾಳೆ ಇಂಟರ್‌ವ್ಯೂ ಇದ್ದುದರಿಂದ ಊರಿಗೆ ಹೋಗುವಂತಿರಲಿಲ್ಲ. ನೋಟ್‌ಬುಕ್ ತೆಗೆದು, ಅಜ್ಜಿಯ ಮಾತು ಕೆಲಸವಾಗಿ ಬದಲಾಗುವ ದಾರಿಯನ್ನು ಬರೆದೆ. ಮೊದಲು ಸದ್ದು ಮೈಕ್‌ನ ಸಣ್ಣ ರಂಧ್ರದೊಳಗೆ ಹೋಗಬೇಕು. ಆಮೇಲೆ ಸಾಧನ ತನ್ನ ಹೆಸರನ್ನು ಗುರುತಿಸಿ ಎಚ್ಚರವಾಗಬೇಕು. ಇದು ಆ ಪೆಟ್ಟಿಗೆಯೊಳಗೇ ನಡೆಯುತ್ತದೆ. ಮೂರನೆಯದಾಗಿ ಮಾತು ಇಂಟರ್ನೆಟ್ ಮೂಲಕ ಸರ್ವರ್‌ಗೆ ಹೋಗಬೇಕು. ಕೊನೆಗೆ ಸರ್ವರ್ ಅದನ್ನು ಅರ್ಥ ಮಾಡಿಕೊಂಡು ಉತ್ತರ ಕಳಿಸಬೇಕು. ನಾಲ್ಕು ಕೊಂಡಿಗಳಲ್ಲಿ ಯಾವುದು ಕಳಚಿದೆ? ಇಷ್ಟೇ ಪ್ರಶ್ನೆ. ಒಂದು ಸಲಕ್ಕೆ ಒಂದೇ ಪರೀಕ್ಷೆ ಮಾಡಬೇಕು, ಎರಡನ್ನು ಒಟ್ಟಿಗೆ ಬದಲಿಸಬಾರದು ಅಂತ ಮೊದಲೇ ತೀರ್ಮಾನಿಸಿದೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆ, ಮೈಕ್ ಆಫ್ ಆಗಿದೆಯಾ? ಇಂಥ ಸಾಧನಗಳಲ್ಲಿ ಮೈಕ್ ಬಂದ್ ಮಾಡಲು ಒಂದು ಗುಂಡಿಯೋ ಸ್ವಿಚ್ಚೋ ಇರುತ್ತದೆ. ಗೂಗಲ್ ನೆಸ್ಟ್ ಹಬ್‌ನಲ್ಲಿ ಅದು ಹಿಂಬದಿಯಲ್ಲಿದೆ, ಅಮೆಜಾನ್ ಎಕೋ ಶೋನ ಹಲವು ಮಾದರಿಗಳಲ್ಲಿ ಮೇಲಂಚಿನಲ್ಲಿ. ಧೂಳು ಒರೆಸುವಾಗ ಬಟ್ಟೆ ತಾಗಿ ಅದು ಆಫ್ ಆಗುವುದುಂಟು. ನಮ್ಮದರಲ್ಲಿ ಹಾಗಾಗಿರಲಿಲ್ಲ. ಎರಡನೆಯದು, ‘ಅಮ್ಮಾ, ಸ್ಕ್ರೀನ್ ಮುಟ್ಟಿ ಹವಾಮಾನ ತೆಗಿ’. ಮುಟ್ಟಿದೊಡನೆ ತಿಪಟೂರಿನ ಹವಾಮಾನ ಬಂತು. ಅಂದರೆ ವೈಫೈ ಸರಿ, ಸರ್ವರಿನ ಜೊತೆ ಮಾತುಕತೆಯೂ ಸರಿ. ಮೂರನೆಯದು, ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿಸಿದೆ. ಸಾಫ್ಟ್‌ವೇರ್ ಎಲ್ಲೋ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಬಿಡುಗಡೆಯಾಗುತ್ತದೆ. ಏನೂ ಬದಲಾಗಲಿಲ್ಲ.

ನಾಲ್ಕನೆಯ ಪರೀಕ್ಷೆ ದಾರಿ ತೋರಿಸಿತು. ನನ್ನ ಮೊಬೈಲಿನಿಂದ ಆ ಡಿಸ್‌ಪ್ಲೇಗೇ ವಿಡಿಯೊ ಕಾಲ್ ಮಾಡಿದೆ. ವಿಡಿಯೊ ಕಾಲ್‌ನಲ್ಲಿ ಮೈಕ್ ಬಳಕೆಯಾಗುತ್ತದೆ, ಆದರೆ ಹೆಸರಿಡಿದು ಕರೆಯುವ ಅಗತ್ಯವಿಲ್ಲ. ಹಾಗಾಗಿ ಮೊದಲ ಕೊಂಡಿಯನ್ನು ಎರಡನೆಯದರಿಂದ ಬೇರ್ಪಡಿಸಿ ನೋಡಬಹುದು. ಅಮ್ಮನ ಮುಖ ಚೆನ್ನಾಗಿ ಕಾಣುತ್ತಿತ್ತು, ದನಿ ಮಾತ್ರ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಮೈಕ್ ಸತ್ತಿಲ್ಲ, ಅದರ ಬಾಯಿಗೆ ಏನೋ ಅಡ್ಡ ಬಂದಿದೆ! ‘ಅಮ್ಮಾ, ಮೇಲಂಚಿನಲ್ಲಿ ಸೂಜಿಮೊನೆಯಷ್ಟು ತೂತುಗಳಿವೆಯಾ?’ ‘ಇಲ್ವಲ್ಲೇ, ಎಲ್ಲ ನುಣ್ಣಗಿದೆ.’ ಸ್ವಲ್ಪ ತಡೆದು ಅವರೇ ಅಂದರು: ‘ಅಡುಗೆಮನೆ ಜಿಡ್ಡು ಅಂಟುತ್ತೆ ಅಂತ ರಜೆಯಲ್ಲಿ ಪಕ್ಕದ ಮನೆ ಹುಡುಗ ಸ್ಕ್ರೀನ್ ಗಾರ್ಡ್ ಹಾಕಿಕೊಟ್ಟ ಕಣೇ.’

ಆ ಪ್ಲಾಸ್ಟಿಕ್ ಹಾಳೆ ಮೈಕ್ ರಂಧ್ರಗಳ ಮೇಲೂ ಕೂತಿತ್ತು. ಈ ಸಾಧನಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮೈಕ್ ಇರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಬರುತ್ತದೆ. ಎರಡು ಮೈಕ್‌ಗಳ ನಡುವೆ 7 ಸೆಂ.ಮೀ. ಅಂತರವಿದ್ದರೆ, ಪಕ್ಕದಿಂದ ಬಂದ ದನಿ ಎರಡನೆಯದನ್ನು ತಲುಪುವಾಗ ಸೆಕೆಂಡಿನ 5,000ದಲ್ಲಿ ಒಂದು ಭಾಗದಷ್ಟು ತಡವಾಗಿರುತ್ತದೆ. ಈ ಚೂರು ವ್ಯತ್ಯಾಸದಿಂದಲೇ ಮಾತು ಯಾವ ಕಡೆಯಿಂದ ಬಂತು ಅಂತ ಲೆಕ್ಕ ಹಾಕಿ, ಟಿ.ವಿ., ಫ್ಯಾನ್ ಸದ್ದಿನ ನಡುವೆ ಮನುಷ್ಯರ ದನಿಯನ್ನು ಹೆಕ್ಕಲಾಗುತ್ತದೆ. ರಂಧ್ರ ಮುಚ್ಚಿದರೆ ಆ ಲೆಕ್ಕವೇ ತಪ್ಪುತ್ತದೆ. ಅಮ್ಮ ಹಾಳೆ ಕಿತ್ತು, ಒಣ ಮೆದು ಬ್ರಷ್‌ನಿಂದ ಅಂಚನ್ನು ಸವರಿದರು. ಪಿನ್ ಚುಚ್ಚುವುದು, ಕ್ಲೀನರ್ ಸಿಂಪಡಿಸುವುದು ಬೇಡವೇ ಬೇಡ ಅಂತ ಹೇಳಿದ್ದೆ. ಒಳಗಿನ ಪೊರೆ ಅಷ್ಟು ಸೂಕ್ಷ್ಮ.

ಅಮ್ಮ ಹೆಸರಿಡಿದು ಕರೆದರು. ಡಿಸ್‌ಪ್ಲೇ ಬೆಳಗಿತು. ಅಜ್ಜಿ ಕರೆದರು. ಸುಮ್ಮನಿತ್ತು. ಇನ್ನೊಮ್ಮೆ ಕರೆದರು, ಆಗಲೂ ಸುಮ್ಮನೆ.

ಅಲ್ಲಿಗೆ ಬಿಟ್ಟಿದ್ದರೆ ‘ರಿಪೇರಿ ಆಯ್ತು, ಅಜ್ಜಿಗೆ ಮಾತಾಡಕ್ಕೆ ಬರಲ್ಲ’ ಅನ್ನುವ ತೀರ್ಪಾಗುತ್ತಿತ್ತು. ಮತ್ತೆ ವಿಡಿಯೊ ಕಾಲ್ ಮಾಡಿದೆ. ಅಜ್ಜಿಯ ದನಿ ಸ್ಫುಟವಾಗಿ ಕೇಳಿಸಿತು. ಮೊದಲ ಕೊಂಡಿ ಸರಿಯಾಗಿದೆ, ಸಿಕ್ಕಿರುವುದು ಎರಡನೆಯದರಲ್ಲಿ. ಕಿವಿಗೊಟ್ಟು ಕೇಳಿದರೆ ಅಜ್ಜಿಯ ‘ಸ’ಕಾರದಲ್ಲಿ ಸಣ್ಣ ಸೀಟಿಯಂಥ ಸದ್ದು. ಹೌದಲ್ಲ, ದಸರಾ ರಜೆಯಲ್ಲೇ ಅವರಿಗೆ ಹೊಸ ಹಲ್ಲುಸೆಟ್ ಹಾಕಿಸಿದ್ದರು! ಮಾತನಾಡುವವರ ಉಚ್ಚಾರ ಬದಲಾಗಿತ್ತು. ಯಂತ್ರ ಹಳೆಯ ಅಜ್ಜಿಯನ್ನೇ ಕಾಯುತ್ತಿತ್ತು.

ಸೆಟ್ಟಿಂಗ್ಸ್‌ನಲ್ಲಿ ಅಜ್ಜಿಯ ಧ್ವನಿಯ ಗುರುತನ್ನು ಅಳಿಸಿ, ಹೊಸದಾಗಿ ಕಲಿಸಿದೆವು. ಸಾಲದಾಯಿತು. ನಮ್ಮ ಸಾಧನದಲ್ಲಿ ಕರೆಯುವ ಹೆಸರನ್ನೇ ಬದಲಿಸುವ ಅವಕಾಶವೂ ಇದೆ. ಕೊಟ್ಟಿದ್ದ ಹೆಸರುಗಳನ್ನು ಅಜ್ಜಿ ಒಂದೊಂದಾಗಿ ಹೇಳಿ ನೋಡಿದರು. ಎರಡನೆಯದು ಅವರ ಬಾಯಿಗೆ ಸಲೀಸಾಯಿತು. ಐದಕ್ಕೆ ಐದು ಸಲವೂ ಡಿಸ್‌ಪ್ಲೇ ಎಚ್ಚರವಾಯಿತು. ಆರನೆಯ ಸಲ ಅಜ್ಜಿ ನಮ್ಮನ್ನು ಕೇಳದೆ ‘ಕಾಲ್ ಸ್ಕೂಲ್’ ಅಂದರು. ಪಕ್ಕದಲ್ಲೇ ಇದ್ದ ಅಮ್ಮನ ಮೊಬೈಲ್ ರಿಂಗಾಯಿತು. ‘ಹಲ್ಲು ನಂದು, ಹೆಸರು ಬದಲಾಗಿದ್ದು ಅದರದ್ದು’ ಅಂತ ಅಜ್ಜಿ ನಕ್ಕರು.

ಗೆಳೆಯರೇ, ಫ್ಯಾಕ್ಟರಿ ರೀಸೆಟ್ ಮಾಡಿದ್ದರೆ ವೈಫೈ ಸೆಟ್ಟಿಂಗ್ಸ್ ಎಲ್ಲ ಅಳಿದು ಹೋಗುತ್ತಿತ್ತೇ ಹೊರತು ಪ್ಲಾಸ್ಟಿಕ್ ಹಾಳೆ ಅಲ್ಲೇ ಇರುತ್ತಿತ್ತು. ಹೊಸದನ್ನು ಕೊಂಡಿದ್ದರೆ ಅದೂ ಅಜ್ಜಿಯ ಹೊಸ ಉಚ್ಚಾರಕ್ಕೆ ಕಿವುಡಾಗಿರುವ ಸಾಧ್ಯತೆಯಿತ್ತು. ಹೆಲ್ಪ್‌ಡೆಸ್ಕ್, ಟೆಕ್ನಿಕಲ್ ಸಪೋರ್ಟ್ ಕೆಲಸದ ಸಂದರ್ಶನಗಳಲ್ಲಿ ‘ಗ್ರಾಹಕರು ಕೆಲಸ ಮಾಡ್ತಿಲ್ಲ ಅಂದರೆ ಏನು ಮಾಡ್ತೀರಿ?’ ಎಂಬ ಪ್ರಶ್ನೆ ಬರುತ್ತದೆ. ‘ರೀಸ್ಟಾರ್ಟ್ ಮಾಡಲು ಹೇಳುತ್ತೇನೆ’ ಅನ್ನುವುದು ಎಲ್ಲರೂ ಕೊಡುವ ಉತ್ತರ. ಯಾವಾಗಿನಿಂದ ಹೀಗಾಗಿದೆ, ಅದಕ್ಕೂ ಮುಂಚೆ ಏನು ಬದಲಾಯಿತು, ಎಲ್ಲರಿಗೂ ಹೀಗೆಯೋ ಒಬ್ಬರಿಗೆ ಮಾತ್ರವೋ ಅಂತ ಕೇಳುತ್ತೇನೆ ಎಂದು ಈಗ ನಾನು ಹೇಳುತ್ತೇನೆ. ನಮ್ಮ ಮನೆಯ ಎರಡೂ ತೊಡಕು ಬಿಡಿಸಿದ್ದು ಈ ಮೂರು ಪ್ರಶ್ನೆಗಳೇ.

ಇನ್ನೊಂದು ಮಾತು. ಮನೆಯಲ್ಲಿ ಹಿರಿಯರು ಇಂಥ ಸಾಧನವನ್ನು ನೆಚ್ಚಿಕೊಂಡಿದ್ದರೆ ವಾರಕ್ಕೊಮ್ಮೆ ಅವರಿಂದಲೇ ಒಂದು ಪರೀಕ್ಷಾ ಕರೆ ಮಾಡಿಸಿ. ನಿಮ್ಮ ದನಿಗೆ ಓಗೊಟ್ಟರೆ ಸಾಲದು, ಅವರ ದನಿಗೆ ಓಗೊಡಬೇಕು. ಕರೆಂಟ್ ಹೋದರೆ, ನೆಟ್ ನಿಂತರೆ ಇದೂ ಮೂಕವೇ. ಅದಕ್ಕೆ ಅಜ್ಜಿಯ ಸೊಂಟದ ಚೀಲದಲ್ಲಿ ಈಗ ಒಂದು ಕೀಪ್ಯಾಡ್ ಫೋನೂ ಇದೆ. ಅದರ 5ರ ಗುಂಡಿಯ ಮೇಲೆ ಬೆರಳಿಗೆ ಸಿಗುವ ಪುಟ್ಟ ಉಬ್ಬಿದೆ. ಒತ್ತಿ ಹಿಡಿದರೆ ಕರೆ ನೇರವಾಗಿ ಅಮ್ಮನಿಗೆ ಹೋಗುತ್ತದೆ.