ಎಲ್ಲ ಬಾಟಲಿಯೂ ಗ್ಲೂಕೋಸ್ ಅಲ್ಲ

"ಶುಗರ್ ಇದ್ದವನಿಗೆ ಗ್ಲೂಕೋಸ್ ಹಾಕುದಾ ಡಾಕ್ಟ್ರೇ?"

ಮುಂಬೈ ಉಪನಗರದ ಐಸಿಯು ಒಂದರಲ್ಲಿ ಕೆಲಸ ಮಾಡುವ ನನಗೆ ಕನ್ನಡದಲ್ಲಿ ಆಗಾಗ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಕುಂದಾಪುರ, ಬೈಂದೂರು ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ಅವರು ಕರೆತಂದ ಹುಡುಗನಿಗೆ ವಾಂತಿ, ಹೊಟ್ಟೆನೋವು, ಏದುಸಿರು. ಬಾಯಿಂದ ಕಳಿತ ಹಣ್ಣಿನಂಥ ವಾಸನೆ. ಊಟ ಸೇರುತ್ತಿಲ್ಲ ಎಂದು ಎರಡು ದಿನದಿಂದ ಇನ್ಸುಲಿನ್ ಬಿಟ್ಟಿರುತ್ತಾನೆ. ಇದೇ ಡಯಾಬಿಟಿಕ್ ಕೀಟೋಅಸಿಡೋಸಿಸ್, ನಮ್ಮ ಮಾತಿನಲ್ಲಿ ಡಿಕೆಎ.

ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಅದರಿಂದ ಹುಟ್ಟುವ ಕೀಟೋನುಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. ಇತ್ತ ಏರಿದ ಸಕ್ಕರೆ ಮೂತ್ರದೊಂದಿಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ವಯಸ್ಕನೊಬ್ಬ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಸುಮಾರು 6 ಲೀಟರ್ ನೀರು ಕಳೆದುಕೊಂಡಿರಬಹುದು. ಹಾಗಾಗಿ ಬಾಟಲಿ ಮೊದಲು, ಇನ್ಸುಲಿನ್ ಅದರ ಬೆನ್ನಿಗೆ.

ಯಾವ ಬಾಟಲಿ? ನಮ್ಮ ಜನಕ್ಕೆ ಎಲ್ಲವೂ 'ಗ್ಲೂಕೋಸ್'. ಉತ್ತರ ಕರ್ನಾಟಕದವರಿಗೆ ಎಲ್ಲವೂ 'ಸಲೈನ್'. ಸುಸ್ತು ಎಂದವರಿಗೆಲ್ಲ ಗಲ್ಲಿಯ ಕ್ಲಿನಿಕ್ಕುಗಳಲ್ಲಿ ಹಾಕುವ ಡಿಎನ್‌ಎಸ್‌ನ ಅರ್ಧ ಲೀಟರಿನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ. ಸಕ್ಕರೆ 500 ದಾಟಿದವನಿಗೆ ಮೊದಲ ಬಾಟಲಿಯಾಗಿ ಅದು ಸಲ್ಲದು.

ಉಳಿದವು ಎರಡು: ನಾರ್ಮಲ್ ಸಲೈನ್ ಮತ್ತು ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್‌ಎಲ್. ಹೆಸರು ನಾರ್ಮಲ್ ಆದರೂ ಸಲೈನ್ ಅಷ್ಟೇನೂ ನಾರ್ಮಲ್ ಅಲ್ಲ. ಅದರ ಒಂದು ಲೀಟರಿನಲ್ಲಿ 154 ಮಿಲಿಮೋಲ್ ಕ್ಲೋರೈಡ್. ನಮ್ಮ ರಕ್ತದಲ್ಲಿ ಇರುವುದು ಸುಮಾರು 100. ಲೀಟರುಗಟ್ಟಲೆ ಸುರಿದರೆ ಕೀಟೋನಿನ ಆಮ್ಲ ಇಳಿಯುತ್ತಿದ್ದಂತೆ ಕ್ಲೋರೈಡಿನಿಂದ ಇನ್ನೊಂದು ಬಗೆಯ ಆಮ್ಲತೆ ಬಂದು ಕೂರುತ್ತದೆ. ರಿಪೋರ್ಟಿನಲ್ಲಿ ಬೈಕಾರ್ಬನೇಟ್ ಮೇಲೇಳುವುದಿಲ್ಲ. ಕಾಯಿಲೆ ಇಳಿದಿಲ್ಲವೆಂದು ಇನ್ಸುಲಿನ್ ಡ್ರಿಪ್ ಮುಂದುವರಿಯುತ್ತದೆ, ಐಸಿಯು ಬಿಲ್ಲೂ.

ಆರ್‌ಎಲ್‌ನಲ್ಲಿ ಕ್ಲೋರೈಡ್ 110ರ ಆಸುಪಾಸು. ಲಂಡನ್ನಿನ ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಪ್ಪೆಯ ಹೃದಯ ಬಡಿಯುತ್ತಿರಲೆಂದು ಹದಗೊಳಿಸಿದ ದ್ರಾವಣಕ್ಕೆ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ 1930ರ ದಶಕದಲ್ಲಿ ಲ್ಯಾಕ್ಟೇಟ್ ಸೇರಿಸಿದರು. ಆಮ್ಲದ ರೋಗಿಗೆ ಲ್ಯಾಕ್ಟೇಟೇ ಎಂದು ಹೊಸ ಡಾಕ್ಟರುಗಳು ಬೆಚ್ಚುವುದುಂಟು. ಅದು ಲ್ಯಾಕ್ಟಿಕ್ ಆಮ್ಲವಲ್ಲ, ಅದರ ಸೋಡಿಯಂ ಲವಣ. ಯಕೃತ್ತಿನಲ್ಲಿ ಬೈಕಾರ್ಬನೇಟ್ ಆಗುತ್ತದೆ.

ಅಮೆರಿಕದಲ್ಲಿ 172 ವಯಸ್ಕ ರೋಗಿಗಳ ಮಾಹಿತಿ ನೋಡಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಆರ್‌ಎಲ್‌ನಂಥ ಸಮತೋಲಿತ ದ್ರಾವಣ ಪಡೆದವರ ಡಿಕೆಎ ಸುಮಾರು 13 ಗಂಟೆಯಲ್ಲಿ ಇಳಿದಿತ್ತು. ಸಲೈನ್ ಪಡೆದವರದು ಸುಮಾರು 17 ಗಂಟೆಯಲ್ಲಿ. ಸಣ್ಣ ಗುಂಪು, ಕೊನೆಯ ಮಾತೇನಲ್ಲ. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ. ನನ್ನ ಒಲವು ಆರ್‌ಎಲ್ ಕಡೆಗೆ. ಆದರೆ ಕೈಗೆ ಸಿಕ್ಕಿದ್ದು ಸಲೈನ್ ಆದರೆ ಅದನ್ನೇ ಹಾಕಿ ಶುರು ಮಾಡುತ್ತೇನೆ. ಬೇರೆ ಬಾಟಲಿಗಾಗಿ ಒಂದು ನಿಮಿಷವೂ ಕಾಯುವುದಿಲ್ಲ. ಮಕ್ಕಳು, ಹೃದಯ ಮತ್ತು ಕಿಡ್ನಿ ತೊಂದರೆಯವರ ಲೆಕ್ಕವೇ ಬೇರೆ.

ನಿಜಕ್ಕೂ ನನ್ನ ನಿದ್ದೆ ಕೆಡಿಸುವುದು ಪೊಟ್ಯಾಸಿಯಂ. ಮೊದಲ ರಿಪೋರ್ಟಿನಲ್ಲಿ ಅದು ಸರಿಯಾಗಿಯೇ ಕಾಣಬಹುದು, ಆದರೆ ದೇಹದ ದಾಸ್ತಾನು ಖಾಲಿಯಾಗಿರುತ್ತದೆ. ಇನ್ಸುಲಿನ್ ಹೋದೊಡನೆ ಉಳಿದದ್ದೂ ಜೀವಕೋಶಗಳೊಳಗೆ ಸೇರಿ, ಹೃದಯದ ಬಡಿತ ತಪ್ಪಬಹುದು. 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆದು ಮೊದಲು ಪೊಟ್ಯಾಸಿಯಂ ಕೊಡುತ್ತೇವೆ. ಆರ್‌ಎಲ್‌ನಲ್ಲಿ ಲೀಟರಿಗೆ ಇರುವ 4 ಮಿಲಿಮೋಲ್ ಯಾವ ಮೂಲೆಗೂ ಸಾಲದು.

ಸಕ್ಕರೆ 250ಕ್ಕಿಂತ ಕೆಳಗಿಳಿದಾಗ ಕೀಟೋನುಗಳು ಇನ್ನೂ ಉಳಿದಿರುತ್ತವೆ. ಅವು ಹೋಗುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಸಕ್ಕರೆ ಪಾತಾಳಕ್ಕೆ ಬೀಳಲೂ ಬಾರದು. ಆಗ ಗ್ಲೂಕೋಸ್ ಸೇರಿಸುತ್ತೇವೆ. ಹೌದು, ಶುಗರ್ ಇದ್ದವನಿಗೇ.

ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ನುಂಗುವವರಲ್ಲಂತೂ ಸಕ್ಕರೆ 200ರೊಳಗಿದ್ದೂ ಡಿಕೆಎ ಆಗಬಹುದು. ಅವರಿಗೆ ಮೊದಲಿನಿಂದಲೇ ಗ್ಲೂಕೋಸ್ ಬೇಕು, ಮನೆಯ ಗ್ಲೂಕೋಮೀಟರ್ ನೋಡಿ ಸಮಾಧಾನಪಟ್ಟರೆ ಕಾಯಿಲೆ ತಿಳಿಯುವುದೇ ಇಲ್ಲ. ಅದಕ್ಕೇ ಆಸ್ಪತ್ರೆಗೆ ಹೊರಡುವಾಗ ಆಧಾರ್ ಕಾರ್ಡಿನ ಜೊತೆ ಮಾತ್ರೆಯ ಸ್ಟ್ರಿಪ್ಪನ್ನೂ ಜೇಬಿಗೆ ಹಾಕಿಕೊಂಡು ಬನ್ನಿ.